ವೀಸಾಕ್ಕೂ ಮೊದಲಿನ ತಲೆನೋವು

ಆರ್ಚ್ ದಾಟಿ ನಮ್ಮ ರಾಜರಾಜೇಶ್ವರಿನಗರದೊಳಗೆ ಬಂದರೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟು ನಿಂತ ಅಮ್ಮಂದಿರು ಸಿಗುವುದು ಕಷ್ಟವೇನಲ್ಲ. ಮಾತಿಗೆ ನಿಂತರೆ ಬ್ಯಾಂಕ್ ಸ್ಟೇಟ್‌ಮೆಂಟು, ಎಫ್.ಡಿ., ಮನೆ ಪತ್ರ, ಪೆನ್ಷನ್... ಇದೇ ಕತೆ. "ದುಡ್ಡು ತೋರಿಸ್ದಿದ್ರೆ ವೀಸಾ ಕೊಡಲ್ವಂತೆ ಕಣ್ರೀ!"

ಆದರೆ ಈ ತಲೆನೋವಿಗೂ ಮೊದಲು ಇನ್ನೊಂದಿತ್ತು. ಪಾಸ್‌ಪೋರ್ಟ್ ಸಿಗುವುದೇ ಕಷ್ಟವಿತ್ತು. ಅದನ್ನು ಬಿಡಿಸಿದ್ದರಲ್ಲಿ ನಮ್ಮ ಅಠಾರಾ ಕಚೇರಿಯ ಪಾಲೂ ಇದೆ ಅನ್ನೋದು ಎಷ್ಟು ಜನರಿಗೆ ಗೊತ್ತು?

ಮೊದಲನೇ ಮಹಾಯುದ್ಧಕ್ಕೆ ಮುಂಚೆ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವ ಪದ್ಧತಿಯೇ ಇರಲಿಲ್ಲ. ಯುದ್ಧಕಾಲದ ಕಾನೂನಿನಲ್ಲಿ ಅದು ಕಡ್ಡಾಯವಾಯಿತು. 1920ರಲ್ಲಿ ಕಾಯ್ದೆಯೊಂದು ಬಂತು, ಆದರೆ ಅದು ಭಾರತದ ಒಳಗೆ ಬರುವವರಿಗೆ. ಹೊರಗೆ ಹೋಗುವವರಿಗೆ ಪಾಸ್‌ಪೋರ್ಟ್ ಕೊಡುವುದು, ಬಿಡುವುದು ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿತ್ತು. 1962ರ ತನಕ ಕಾಮನ್‌ವೆಲ್ತ್ ಪ್ರಜೆಗಳಾದ ನಮಗೆ ಇಂಗ್ಲೆಂಡಿನ ಬಾಗಿಲು ತೆರೆದೇ ಇತ್ತು. ಹಾಗಾಗಿ ಬೀಗ ಬಿದ್ದದ್ದು ಈ ಕಡೆಯಿಂದ. ಓದು ಇಲ್ಲದ, ಕಾಸಿಲ್ಲದ ಕೂಲಿಕಾರರಿಗೆ ಪಾಸ್‌ಪೋರ್ಟ್ ಕೊಡದೆ ನಮ್ಮವರೇ ತಡೆಯುತ್ತಿದ್ದರು.

ಇದನ್ನು ಪ್ರಶ್ನಿಸಿದ ಮೊಕದ್ದಮೆಗಳಲ್ಲೊಂದು ಮೈಸೂರು ಹೈಕೋರ್ಟಿಗೆ ಬಂತು. 1965ರ ಡಾ. ಸದಾಶಿವರಾವ್ ಪ್ರಕರಣ. ತೀರ್ಪು ಬರೆದವರು ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಹೌದು, ಮುಂದೆ ಲೋಕಸಭೆಯ ಸ್ಪೀಕರ್ ಆದವರು, ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ತಂದೆ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ಹಕ್ಕು, ಪಾಸ್‌ಪೋರ್ಟ್ ಕೊಡುವುದು ಸರ್ಕಾರದ ಕರ್ತವ್ಯ ಅಂತ ಅವರು ಹೇಳಿದರು. ಕೇರಳ, ಬಾಂಬೆ ಹೈಕೋರ್ಟುಗಳದ್ದೂ ಇದೇ ದಾರಿ. ದೆಹಲಿ ಹೈಕೋರ್ಟ್ ಮಾತ್ರ ಒಪ್ಪಲಿಲ್ಲ.

ಕೊನೆಗೆ ಸುಪ್ರೀಂ ಕೋರ್ಟ್ 1967ರ ಏಪ್ರಿಲ್ 10ರಂದು, ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ಮೂರಕ್ಕೆ ಎರಡರ ಬಹುಮತದಿಂದ ಮೈಸೂರಿನ ದಾರಿಯನ್ನೇ ಹಿಡಿಯಿತು. ಅದೇ ಜೂನಿನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು. ಒಂದು ಬಾಗಿಲಿನ ಬೀಗ ತೆಗೆದಂತಾಯಿತು.

ಪಾಸ್‌ಪೋರ್ಟ್ ಸಿಕ್ಕಿತು ಸರಿ, ದುಡ್ಡು? ಡಾಲರ್ ಬೇಕಾದರೆ ರಿಸರ್ವ್ ಬ್ಯಾಂಕಿನ ನಿಯಮ ದಾಟಬೇಕಿತ್ತು. ಜೇಬಿನಲ್ಲಿ ಎಂಟೇ ಡಾಲರ್ ಇಟ್ಟುಕೊಂಡು ಅಮೆರಿಕಕ್ಕೆ ಓದಲು ಹೋದ ಹಿರಿಯರ ಕತೆಗಳನ್ನು ನೀವೂ ಕೇಳಿರುತ್ತೀರಿ. 2000ದಲ್ಲಿ ಫೆಮಾ ಜಾರಿಯಾದ ಮೇಲೆ ಗಂಟು ಸಡಿಲವಾಯಿತು. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಕಳಿಸಲು ಅನುಮತಿ ಬಂತು. 2015ರ ಹೊತ್ತಿಗೆ ಅದು 2,50,000 ಡಾಲರ್ ಆಯಿತು.

ಮಜಾ ನೋಡಿ. ನಾವು ಒಳಗಿನ ಬೀಗ ತೆಗೆಯುತ್ತಿದ್ದ ಕಾಲದಲ್ಲೇ ಅತ್ತ ಕಡೆಯವರು ಹೊರಗಿನಿಂದ ಬೀಗ ಹಾಕುತ್ತಾ ಬಂದರು. ಭಾರತೀಯರಿಗೆ ಬ್ರಿಟನ್ ವೀಸಾ ಕಡ್ಡಾಯ ಮಾಡಿದ್ದು 1986ರಲ್ಲಿ. ಇವತ್ತು ಷೆಂಗೆನ್ ವೀಸಾ ಬೇಕಾದರೆ ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. 30,000 ಯೂರೋ ವಿಮೆ ಬೇಕು. ಖರ್ಚಿಗೆ ಹಣ ಇದೆ ಅಂತ ತೋರಿಸಬೇಕು. ಆಗ ದುಡ್ಡು ಒಯ್ಯಬೇಡಿ ಅನ್ನುತ್ತಿದ್ದರು, ಈಗ ದುಡ್ಡು ತೋರಿಸಿ ಅನ್ನುತ್ತಾರೆ! ಈ ಬಾಗಿಲಿಗೆ ಅಠಾರಾ ಕಚೇರಿಯ ತೀರ್ಪು ನಾಟುವುದಿಲ್ಲ. ಅಲ್ಲಿ ನಾವು ಹಕ್ಕುದಾರರಲ್ಲ, ಬರೀ ಅರ್ಜಿದಾರರು.

ಒಳಗಿನ ಬಾಗಿಲಾದರೂ ಎಲ್ಲರಿಗೂ ಒಂದೇ ಸಮ ತೆರೆದಿದೆಯಾ? 1983ರ ವಲಸೆ ಕಾಯ್ದೆಯಿಂದ ಬಂದದ್ದು ಇ.ಸಿ.ಆರ್. ಪಾಸ್‌ಪೋರ್ಟ್. ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಅದರಿಂದ ವಿನಾಯಿತಿ. ಇವೆರಡೂ ಇಲ್ಲದ ಗಾರೆ ಕೆಲಸದವನು ಕೊಲ್ಲಿ ದೇಶಕ್ಕೆ ದುಡಿಯಲು ಹೊರಟರೆ ಸರ್ಕಾರದ ಅನುಮತಿಯೂ ಬೇಕು. ಅವನಿಗೆ ಮೋಸ ಆಗದಿರಲಿ ಅನ್ನುವುದು ಇದರ ಉದ್ದೇಶ, ಸರಿ. ಆದರೆ ಅಳತೆಗೋಲು ಹಳೆಯದೇ. ಓದು ಮತ್ತು ಕಾಸು. ನನ್ನಂಥ ಇಂಜಿನಿಯರುಗಳಿಗೆ ಈ ಅಕ್ಷರಗಳು ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಮನೆಯ ಬೀರುವಿನಲ್ಲಿ ತಾತನದೋ ದೊಡ್ಡಪ್ಪನದೋ ಹಳೇ ಪಾಸ್‌ಪೋರ್ಟ್ ಇದ್ದರೆ ತೆಗೆದು ನೋಡಿ. ಯಾವ ದೇಶಗಳಿಗೆ ಹೋಗಬಹುದು ಅನ್ನುವ ಪಟ್ಟಿ, ಬ್ಯಾಂಕಿನವರು ಎಷ್ಟು ವಿದೇಶಿ ಹಣ ಕೊಟ್ಟರು ಅನ್ನುವ ಗುರುತು ಅದರಲ್ಲಿದ್ದೀತು. ಸಿಕ್ಕರೆ ನೀವೂ ಬರೆಯಿರಿ.