ಹಣ ಯಾರದು, ಸಾಲ ಯಾರ ಮೇಲೆ, ಆಸ್ತಿ ಯಾರ ಹೆಸರಲ್ಲಿ?

ಆಸ್ತಿಯ ಮೇಲೆ ಹಣ ಹಾಕಲು ಹೊರಟವರು ಮೊದಲು ಸೈಟು ನೋಡುತ್ತಾರೆ, ದರ ಕುದುರಿಸುತ್ತಾರೆ, ಮುಂಗಡ ಕೊಟ್ಟ ಮೇಲೆ ಸಾಲಕ್ಕೆ ಓಡಾಡುತ್ತಾರೆ. ಕ್ರಯಪತ್ರ ಯಾರ ಹೆಸರಿಗೆ ಎಂಬ ಮಾತು ಬರುವುದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಹಿಂದಿನ ವಾರ. ಈ ಕ್ರಮ ತಲೆಕೆಳಗಾಗಬೇಕು. ಹಣ ಯಾರದು, ಸಾಲ ತೀರಿಸುವ ಹೊಣೆ ಯಾರದು, ಆಸ್ತಿ ಯಾರ ಹೆಸರಿಗೆ ಎಂಬ ಮೂರು ಪ್ರಶ್ನೆಗಳ ಉತ್ತರ ಮುಂಗಡ ಕೊಡುವ ಮೊದಲೇ ಒಂದಕ್ಕೊಂದು ತಾಳೆಯಾಗಿರಬೇಕು. ಆಸ್ತಿ ಜಗಳಗಳ ಬುಡ ಕೆದಕಿದರೆ, ಈ ಮೂರರಲ್ಲಿ ಎಲ್ಲೋ ಒಂದು ಹೊಂದಿಕೆಯಾಗದ್ದು ಮತ್ತೆ ಮತ್ತೆ ಸಿಗುತ್ತದೆ.

ಬ್ಯಾಂಕು ಎಷ್ಟು ಕೊಡುತ್ತದೆ

ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಸಾಲ 30 ಲಕ್ಷದವರೆಗಿದ್ದರೆ ಮನೆಯ ಮೌಲ್ಯದ ಶೇ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲ್ಪಟ್ಟರೆ ಶೇ 75. ಇದು ಗರಿಷ್ಠ ಮಿತಿ; ಅಷ್ಟು ಕೊಟ್ಟೇ ಕೊಡುತ್ತಾರೆಂದಲ್ಲ. ಸಂಬಳ, ಈಗಾಗಲೇ ಇರುವ ಕಂತುಗಳು, ನಿವೃತ್ತಿಗೆ ಉಳಿದ ವರ್ಷ, ಹಳೆಯ ಸಾಲ ತೀರಿಸಿದ ರೀತಿ ಎಲ್ಲವನ್ನೂ ತೂಗಿ ನೋಡುತ್ತಾರೆ. ಸಾಮಾನ್ಯವಾಗಿ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಖರ್ಚು ಈ ಮೌಲ್ಯದಲ್ಲಿ ಸೇರುವುದಿಲ್ಲ. ಅದು ನಮ್ಮ ಕೈಯಿಂದಲೇ ಹೋಗಬೇಕು.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಜೋಡಿಕೊಂಡಿವೆ. ರೆಪೊ ಏರಿದಾಗ ಬ್ಯಾಂಕುಗಳು ಕಂತು ಹಾಗೇ ಇಟ್ಟು ಅವಧಿ ಹಿಗ್ಗಿಸುವುದುಂಟು. ವರ್ಷಕ್ಕೊಮ್ಮೆಯಾದರೂ ಸಾಲದ ಸ್ಟೇಟ್‌ಮೆಂಟ್ ತೆಗೆದು ಉಳಿದ ತಿಂಗಳುಗಳನ್ನು ಎಣಿಸಿ ನೋಡಿ. ವೈಯಕ್ತಿಕವಾಗಿ ಪಡೆದ ಇಂಥ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಬೋನಸ್ ಬಂದಾಗ ಅಸಲಿಗೆ ಕಟ್ಟಬಹುದು.

ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಇನ್ನೂ ಇದೆ. ಕಾನೂನಿನ ಮಾತು ಹಾಗಿರಲಿ, ಲೆಕ್ಕದಲ್ಲೇ ಅದು ನಷ್ಟ. ತೋರಿಸಿದ ಬೆಲೆ ಕಡಿಮೆಯಾದರೆ ಸಾಲವೂ ಕಡಿಮೆ. ಮುಂದೆ ಮಾರುವಾಗ ಲಾಭ ಹೆಚ್ಚಿಗೆ ಕಂಡು ತೆರಿಗೆಯೂ ಹೆಚ್ಚು. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೂ ಅವಕಾಶವಿದೆ.

ಒಂದು ಫ್ಲ್ಯಾಟಿನ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ 62.5 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದುಕೊಳ್ಳೋಣ. ಶೇ 80ರಂತೆ ಸಾಲ 50 ಲಕ್ಷ, ಕೈಯಿಂದ 12.5 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೇರಿದ ನೋಂದಣಿ ಶುಲ್ಕ, ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 4.75 ಲಕ್ಷ. ಇದನ್ನು ಕ್ರಯದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು. ಬೀಗದ ಕೈ ಸಿಗುವಷ್ಟರಲ್ಲಿ ಜೇಬಿನಿಂದ ಹೋದದ್ದು 17.25 ಲಕ್ಷ. ಕಟ್ಟಡ ಮುಗಿಯುವ ಮೊದಲೇ ಬಿಲ್ಡರ್‌ನಿಂದ ಕೊಂಡರೆ ಜಿಎಸ್‌ಟಿ ಬೇರೆ.

ಶೇ 8.5 ಬಡ್ಡಿ, 20 ವರ್ಷಕ್ಕೆ ತಿಂಗಳ ಕಂತು 43,391 ರೂಪಾಯಿ. ಮೊದಲ ಕಂತಿನಲ್ಲಿ 35,417 ಬಡ್ಡಿಗೆ, 7,974 ಮಾತ್ರ ಅಸಲಿಗೆ. ಬಾಡಿಗೆ 20,000 ಬಂದು ಅದರಲ್ಲಿ 3,000 ಅಸೋಸಿಯೇಷನ್ನಿನ ನಿರ್ವಹಣೆಗೆ ಹೋದರೆ ತಿಂಗಳಿಗೆ 26,391 ರೂಪಾಯಿ ಸಂಬಳದಿಂದ ತುಂಬಬೇಕು. ಮೊದಲ ವರ್ಷ ಹೀಗೆ ತುಂಬಿದ್ದು 3.17 ಲಕ್ಷ. ಅದರಲ್ಲಿ ಅಸಲು ಕರಗಿದ್ದು ಸುಮಾರು ಒಂದು ಲಕ್ಷ, ಉಳಿದ 2.17 ಲಕ್ಷ ಹಿಂತಿರುಗಿ ಬಾರದ ಖರ್ಚು. ಫ್ಲ್ಯಾಟಿನ ಬೆಲೆ ವರ್ಷಕ್ಕೆ ಸುಮಾರು ಶೇ 3.5 ಏರಿದರೆ ಇದಷ್ಟು ಸರಿಹೋಗುತ್ತದೆ. ಮೊದಲೇ ಹಾಕಿದ 17.25 ಲಕ್ಷಕ್ಕೆ ಬೇರೆ ಕಡೆ ಬರಬಹುದಾಗಿದ್ದ ಬಡ್ಡಿ ಈ ಲೆಕ್ಕದಲ್ಲಿಲ್ಲ, ಬಾಡಿಗೆದಾರರಿಲ್ಲದ ತಿಂಗಳೂ ಇಲ್ಲ. ‘ಬಾಡಿಗೆಯಲ್ಲೇ ಕಂತು ಕಟ್ಟಿಬಿಡಬಹುದು’ ಎನ್ನುವವರ ಮುಂದೆ ಈ ಅಂಕಿಗಳನ್ನು ಇಡಬೇಕು. ಕನಿಷ್ಠ ಆರು ತಿಂಗಳ ಕಂತು ಬ್ಯಾಂಕಿನಲ್ಲಿ ಬೇರೆಯಾಗಿ ಇಡಲಾಗದಿದ್ದರೆ ಆ ಆಸ್ತಿ ಸದ್ಯಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ.

ಭೋಗ್ಯ, ಚೀಟಿ, ಕೈಸಾಲ

ನಮ್ಮಲ್ಲಿ ಬ್ಯಾಂಕಿನಾಚೆಯ ದಾರಿಗಳೂ ಬಹಳ. ಮನೆಯನ್ನು ಭೋಗ್ಯಕ್ಕೆ ಕೊಟ್ಟು ಒಂದೇ ಗಂಟಿಗೆ ಹಣ ಪಡೆದು ಅದರಿಂದ ಇನ್ನೊಂದು ಸೈಟು ಕೊಳ್ಳುವವರಿದ್ದಾರೆ. ಬಾಡಿಗೆ ಬರುವುದಿಲ್ಲ, ಅವಧಿ ಮುಗಿದ ದಿನ ಪೂರ್ತಿ ಹಣ ಹಿಂದಿರುಗಿಸಬೇಕು. ಸೈಟಿನಲ್ಲಿ ಕೂತ ಹಣ ಆ ದಿನಕ್ಕೆ ಕೈಗೆ ಬರುವುದಿಲ್ಲವಾದ್ದರಿಂದ, ಬಂದ ಭೋಗ್ಯದಾರರ ಹಣದಲ್ಲಿ ಹೋಗುವವರ ಹಣ ತೀರಿಸುವ ಸರಪಳಿ ಶುರುವಾಗುತ್ತದೆ. ಹೊಸ ಭೋಗ್ಯದಾರರು ಸಿಗದ ದಿನ ಎದುರಿಗೆ ನಿಲ್ಲುವುದು ಮನೆ ಬಿಟ್ಟು ಹೊರಟ ಒಂದು ಸಂಸಾರ.

ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ್ದೇ ಆಗಿರಲಿ. ಎತ್ತಿದ ಚೀಟಿಯಲ್ಲಿ ಎಷ್ಟು ಬಿಟ್ಟುಕೊಟ್ಟಿರೆಂಬುದೇ ಅದರ ಬಡ್ಡಿ. ನೆಂಟರ ಕೈಸಾಲವನ್ನು ಬ್ಯಾಂಕ್ ಖಾತೆಯ ಮೂಲಕವೇ ಪಡೆದು, ಅದು ಸಾಲವೋ ಪಾಲೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಬೆಲೆ ಏರಿದ ಮೇಲೆ ಕೊಟ್ಟವರಿಗೆ ಅದು ಪಾಲಿನಂತೆ, ಪಡೆದವರಿಗೆ ಸಾಲದಂತೆ ನೆನಪಾಗುತ್ತದೆ.

ಯಾರ ಹೆಸರಿಗೆ

ಮೊದಲ ಆಸ್ತಿಗೆ ಸ್ವಂತ ಹೆಸರು ಅಥವಾ ಗಂಡ ಹೆಂಡತಿಯ ಜಂಟಿ ಹೆಸರು ಸಾಕು. ಜಂಟಿಯಾಗಿ ಕೊಂಡರೆ ಪಾಲು ಎಷ್ಟೆಷ್ಟು ಎಂದು ಕ್ರಯಪತ್ರದಲ್ಲೇ ಬರೆಸಿ. ಬಡ್ಡಿಯ ಮೇಲಿನ ತೆರಿಗೆ ರಿಯಾಯಿತಿ ಬೇಕಾದರೆ ಮಾಲೀಕತ್ವದಲ್ಲೂ ಸಾಲದಲ್ಲೂ ಹೆಸರಿರಬೇಕು. ಕಂತು ಕಟ್ಟುತ್ತಿದ್ದರೂ ಕ್ರಯಪತ್ರದಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳಿಗೆ ರಿಯಾಯಿತಿಯೂ ಇಲ್ಲ, ಹಕ್ಕು ಸಾಬೀತುಪಡಿಸುವುದೂ ಕಷ್ಟ.

ಹಿಂದೂ ಅವಿಭಕ್ತ ಕುಟುಂಬದ ಹೆಸರಲ್ಲಿ ಕೊಂಡರೆ ಪ್ರತ್ಯೇಕ ಪ್ಯಾನ್, ಪ್ರತ್ಯೇಕ ತೆರಿಗೆ ಲೆಕ್ಕ ಸಿಗುತ್ತದೆ. ಆದರೆ ಅದು ಕುಟುಂಬದ ಆಸ್ತಿ. ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, 2005ರಲ್ಲಿ ಅದು ಕೇಂದ್ರ ಕಾಯ್ದೆಯಲ್ಲೂ ಬಂತು. ಮಾರುವಾಗ ಎಲ್ಲ ಪಾಲುದಾರರ ಒಪ್ಪಿಗೆ ಕೇಳುವರೆಂದು ತಿಳಿದೇ ಈ ದಾರಿ ಹಿಡಿಯಬೇಕು. ಇನ್ನು ಡ್ರೈವರ್, ಸ್ನೇಹಿತರ ಹೆಸರಲ್ಲಿ ತಮ್ಮ ಹಣದಿಂದ ಕೊಳ್ಳುವುದು ಬೇನಾಮಿ. 2016ರ ತಿದ್ದುಪಡಿಯ ನಂತರ ಆಸ್ತಿ ಮುಟ್ಟುಗೋಲಿನ ಜೊತೆಗೆ ಸೆರೆವಾಸವೂ ಆಗಬಹುದು.

ವಿದೇಶದಲ್ಲಿರುವ ಕನ್ನಡಿಗರು ಅನಿವಾಸಿ ಭಾರತೀಯರಾಗಿದ್ದರೆ ಮನೆ, ಅಂಗಡಿ, ಕಚೇರಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ; ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಪಾಲುದಾರಿಕೆ, ಎಲ್‌ಎಲ್‌ಪಿ, ಕಂಪನಿ

ನಾಲ್ವರು ಗೆಳೆಯರು ಸೇರಿ ಲೇಔಟಿನಲ್ಲಿ ಸೈಟು ಕೊಳ್ಳುವುದಕ್ಕೆ ಸಂಸ್ಥೆ ಬೇಕೆಂದಿಲ್ಲ. ಪಾಲು ನಮೂದಿಸಿದ ಕ್ರಯಪತ್ರ, ಜೊತೆಗೊಂದು ಕರಾರು ಸಾಕು. ಕೊಂಡು, ಕಟ್ಟಿ, ಮಾರುವುದು ಕಸುಬಾದಾಗ ಸಂಸ್ಥೆಯ ಪ್ರಶ್ನೆ ಬರುತ್ತದೆ.

1932ರ ಕಾಯ್ದೆಯ ಪಾಲುದಾರಿಕೆ ಸಂಸ್ಥೆ ಸುಲಭ, ಆದರೆ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರನ ಸ್ವಂತ ಮನೆಯೂ ಹೊಣೆ. 2008ರ ಕಾಯ್ದೆಯ ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಪಾಲುದಾರರ ಹೊಣೆ ಸೀಮಿತ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಕಡ್ಡಾಯ. ಕಂಪನಿಗೆ ಮೊದಲ ವರ್ಷದಿಂದಲೇ ಆಡಿಟ್. ಎಲ್‌ಎಲ್‌ಪಿ ತೆರಿಗೆ ಕಟ್ಟಿದ ಮೇಲೆ ಪಾಲುದಾರರ ಕೈಸೇರುವ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ; ಕಂಪನಿಯ ಡಿವಿಡೆಂಡಿಗೆ ಷೇರುದಾರರು ಮತ್ತೆ ಕಟ್ಟಬೇಕು.

ಹೊಸಬರು ಗಮನಿಸದ ವಿಷಯವೊಂದಿದೆ. ಹೊಸ ಸಂಸ್ಥೆಗೆ ಸಾಲ ಕೊಡುವ ಬ್ಯಾಂಕು ಪಾಲುದಾರರ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ‘ಸೀಮಿತ ಹೊಣೆ’ ಮುಗಿಯಿತು. ಸಂಸ್ಥೆಗೆ ಸಿಗುವುದು ವ್ಯಾಪಾರದ ಸಾಲ; ಬಡ್ಡಿ ಸಾಮಾನ್ಯವಾಗಿ ಹೆಚ್ಚು, ಅವಧಿ ಕಡಿಮೆ. ಸ್ವಂತ ಹೆಸರಲ್ಲಿರುವ ಆಸ್ತಿಯನ್ನು ಮುಂದೆ ಸಂಸ್ಥೆಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಮತ್ತೊಮ್ಮೆ ಮುದ್ರಾಂಕ ಶುಲ್ಕ, ಬಂಡವಾಳ ಲಾಭದ ತೆರಿಗೆ ಎರಡೂ ಎದುರಾಗುತ್ತವೆ.

ರೂಪ ಯಾವುದೇ ಇರಲಿ, ಒಬ್ಬರು ಹೊರಹೋಗಬೇಕೆಂದರೆ ಅವರ ಪಾಲಿಗೆ ಬೆಲೆ ಕಟ್ಟುವವರು ಯಾರು, ಕಂತು ನಿಲ್ಲಿಸಿದರೆ ಏನು, ಒಬ್ಬರು ತೀರಿಕೊಂಡರೆ ವಾರಸುದಾರರ ಹಕ್ಕೇನು ಎಂಬುದನ್ನು ಕರಾರಿನಲ್ಲಿ ಬರೆಯಬೇಕು. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಬರೆಯುವುದು ಸಾಧ್ಯ.

ಕಾಗದಪತ್ರ

ಋಣಭಾರ ಪತ್ರ (ಇಸಿ), ಮೂಲಪತ್ರಗಳು, ಭೂಪರಿವರ್ತನೆ ಆದೇಶ, ಖಾತೆ ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಬೆಂಗಳೂರಿನಲ್ಲಿ ನಿಯಮಗಳಿಗೆ ಪೂರ್ತಿ ಹೊಂದದ ಬಿ ಖಾತಾ ಆಸ್ತಿಗಳಿಗೆ, ಪರಿವರ್ತನೆಯಾಗದ ಜಮೀನಿನ ರೆವಿನ್ಯೂ ಸೈಟುಗಳಿಗೆ ಸಾಲ ಸಿಗುವುದು ಕಷ್ಟ. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಅದೇ ತೊಡಕು. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ವ್ಯಾಪ್ತಿಯ ಯೋಜನೆಯಲ್ಲಿ ನೋಂದಾಯಿತ ಕರಾರಿಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕೊಂಡವರ ಹಣದ ಶೇ 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿರಬೇಕು. 50 ಲಕ್ಷ ಅಥವಾ ಮೇಲ್ಪಟ್ಟ ಖರೀದಿಯಲ್ಲಿ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ (ಟಿಡಿಎಸ್) ಮುರಿದು ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿಯಾದರೆ ಮುರಿಯಬೇಕಾದ್ದು ಇದಕ್ಕಿಂತ ಹೆಚ್ಚು.

ಸಣ್ಣ ಮೊತ್ತದವರಿಗೆ

ಮೇಲಿನ ಫ್ಲ್ಯಾಟಿನ ಲೆಕ್ಕದ ಹದಿನೇಳು ಲಕ್ಷ ಕೂಡಿಲ್ಲದವರು ಭೋಗ್ಯ, ಕೈಸಾಲಗಳ ಮೇಲೆ ಕಾಲಿಡಬೇಕಿಲ್ಲ. ಷೇರುಪೇಟೆ ನಿಯಂತ್ರಕ ಸೆಬಿ 2014ರಲ್ಲಿ ನಿಯಮ ರೂಪಿಸಿದ ರೀಟ್‌ಗಳಿವೆ, ಅಂದರೆ ಹಲವರ ಹಣ ಕೂಡಿಸಿ ಬಾಡಿಗೆ ಬರುವ ಕಟ್ಟಡಗಳನ್ನು ಹೊಂದುವ ಟ್ರಸ್ಟ್‌ಗಳು. ಭಾರತದ ಮೊದಲ ರೀಟ್, ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಹೊಂದಿರುವ ಎಂಬಸಿ, 2019ರಲ್ಲಿ ಷೇರುಪೇಟೆಗೆ ಬಂತು. ಡಿಮ್ಯಾಟ್ ಖಾತೆಯಿಂದ ಒಂದೇ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಹಂಚಲು ಲಭ್ಯವಿರುವ ನಗದಿನ ಶೇ 90ರಷ್ಟನ್ನಾದರೂ ಯೂನಿಟ್‌ದಾರರಿಗೆ ಹಂಚಲೇಬೇಕು. ಯೂನಿಟ್ ಬೆಲೆ ಪೇಟೆಯಲ್ಲಿ ಏರಿಳಿಯುತ್ತದೆ, ಕಚೇರಿಗಳು ಖಾಲಿಯಾದರೆ ಆದಾಯವೂ ತಗ್ಗುತ್ತದೆ. ಆದರೆ ಇಲ್ಲಿ ತೀರಿಸಬೇಕಾದ ಕಂತಿಲ್ಲ, ಮತ್ತು ಹಣ ಬೇಕಾದಾಗ ಬೇಕಾದಷ್ಟು ಯೂನಿಟ್ ಮಾತ್ರ ಮಾರಬಹುದು.