ಹರಿಗೋಲು: ಬೀದರ ಸೀಮೆಯ ಮೀನುಗಾರಿಕೆಯಲ್ಲಿ

ಹರಿಗೋಲು ಬುಟ್ಟಿಯಾಕಾರದ, ಚಪ್ಪಟೆ ತಳದ ಚಿಕ್ಕ ದೋಣಿ. ಹಳೆಯ ಮೈಸೂರಿನ ಕಡೆ ಇದನ್ನು ತೆಪ್ಪವೆಂದೂ ಕರೆಯುತ್ತಾರೆ.

ನೀರಿನ ಸ್ವರೂಪ
ಮಾಂಜರಾ ನದಿ ಭಾಲ್ಕಿ, ಔರಾದ ತಾಲ್ಲೂಕುಗಳನ್ನು ಹಾದು ಮುಂದೆ ಗೋದಾವರಿಯನ್ನು ಸೇರುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿರುವ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಇಂಥ ನೀರಿನಲ್ಲಿ ಸಿಗುವ ಮುಖ್ಯ ಮೀನುಗಳು ಕಾಟ್ಲಾ, ರೋಹು, ಮೃಗಾಲ್. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ದಂಡೆಯುದ್ದಕ್ಕೂ ಎರೆಮಣ್ಣಿನ ಕೆಸರು ಉಳಿಯುತ್ತದೆ. ಆಗ ಹೊತ್ತೊಯ್ಯಲು ಬಾರದ ದೋಣಿ ನಿರುಪಯೋಗಿ. ಬೀದರ ನಗರದ ಪಾಪನಾಶ ಕೆರೆಯಂಥ ಸಣ್ಣ ನೀರಿನಲ್ಲಿ ದಂಡೆಯ ಗಾಳವೇ ಸಾಕು.

ಇತಿಹಾಸ
ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ಸದಾ ಸುತ್ತುತ್ತಲೇ ಸಾಗುತ್ತಿದ್ದವು ಎಂಬುದು ಅವನ ಮಾತು. ಆ ಸಾಮ್ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲವೆಂದೂ ಬರೆದಿದ್ದಾನೆ. ಈ ಮಾತು ತುಂಗಭದ್ರೆಯ ಸೀಮೆಯದು. ಆಗ ಬರೀದಶಾಹಿಗಳ ಕೈಯಲ್ಲಿದ್ದ ಬೀದರಕ್ಕೆ ಅದನ್ನು ನೇರವಾಗಿ ಅನ್ವಯಿಸುವಂತಿಲ್ಲ. ಯೂಫ್ರಟೀಸ್ ನದಿಯ ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಪಾಯಸ್‌ಗಿಂತ ಎಷ್ಟೋ ಶತಮಾನ ಮೊದಲೇ ಬಣ್ಣಿಸಿದ್ದನು. ಕಾಲಾಂತರದಲ್ಲಿ ಚರ್ಮದ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಆಮೇಲೆ ಫೈಬರ್. ರಾಜ್ಯದ ಮೀನುಗಾರಿಕೆ ಇಲಾಖೆಯ ಯೋಜನೆಗಳಲ್ಲಿ ಈಗ ವಿತರಿಸುವುದು ಫೈಬರ್ ಹರಿಗೋಲುಗಳನ್ನೇ.

ಕೆಲಸದ ರೀತಿ
ಹುಟ್ಟು ಹಾಕುವವನು ಅಂಚಿನ ಆಚೆ ನೀರಿಗೆ ಹುಟ್ಟು ಇಳಿಸಿ, ಎಡಕ್ಕೂ ಬಲಕ್ಕೂ ಹೊರಳಿಸುತ್ತ ತನ್ನತ್ತ ಎಳೆಯುತ್ತಾನೆ. ಪಳಗಿದ ಕೈಯಾದರೆ ದೋಣಿ ಸುತ್ತದೆ ನೆಟ್ಟಗೆ ಹೋಗುತ್ತದೆ. ಜೊತೆಗಾರ ಬಲೆಯ ಮೇಲಿನ ಹಗ್ಗವನ್ನು ಅಂಚಿನ ಮೇಲೆ ಗೇಣು ಗೇಣಾಗಿ ಎಳೆದುಕೊಂಡಂತೆ ದೋಣಿ ತಾನೇ ಬಲೆಯ ಕಡೆಗೆ ಸರಿಯುತ್ತದೆ.

ಆಯ್ಕೆ
ಬಿದಿರಿನಿಂದ ಹೆಣೆದ ಹರಿಗೋಲಿನ ಅಂಚಿನ ಸೀಳಿಗೆ ಬಲೆಯ ಕಣ್ಣು ಸಿಕ್ಕಿ ಹರಿಯುತ್ತದೆ. ಆದ್ದರಿಂದ ನುಣುಪಾದ ಅಂಚಿನ ಫೈಬರ್ ಉತ್ತಮ. ಫೈಬರಿನ ಬಿರುಕಿನಲ್ಲಿ ನೀರು ಇಂಗಿದರೆ ದೋಣಿ ಭಾರವಾಗುತ್ತದೆ, ಹಾಗಾಗಿ ಪ್ರತಿವರ್ಷ ತಳವನ್ನು ಮಗುಚಿ ನೋಡಬೇಕು. ಮುಂಗಾರಿನ ಗಾಳಿಗೆ ದುಂಡು ದೋಣಿ ಬೇಗ ಸಿಕ್ಕಿಬೀಳುತ್ತದೆ. ಜಲಾಶಯದ ನಡುವಿನ ತೆರೆದ ನೀರಿಗೆ ಉದ್ದನೆಯ ಮೋಟರ್ ದೋಣಿಯೇ ಸುರಕ್ಷಿತ. ಮುಳುಗಿದ ಮರ, ಬಂಡೆಗಳಿರುವ ಅಂಚಿನ ನೀರಿಗೆ ಹರಿಗೋಲೇ ಸರಿ. ಎರಡರಲ್ಲೂ ಜೀವರಕ್ಷಕ ಜಾಕೆಟ್ ಕಡ್ಡಾಯವಾಗಿ ಇರಬೇಕು.