ಟ್ಯಾನಿಸ್

ನೈಲ್ ಮುಖಜಭೂಮಿಯ ಈಶಾನ್ಯದಲ್ಲಿದ್ದ ಪ್ರಾಚೀನ ಈಜಿಪ್ಟಿನ ನಗರ. ಇಂದಿನ ಸಾನ್ ಅಲ್-ಹಜರ್. ಕ್ರಿ.ಪೂ. ಸುಮಾರು 1070ರ ನಂತರ 21 ಮತ್ತು 22ನೆಯ ರಾಜವಂಶಗಳ ಅರಸರ ನೆಲೆ. ಇಲ್ಲಿ ದೊರೆತ ರಾಜಶಿಲ್ಪಗಳಲ್ಲಿ ಹೆಚ್ಚಿನವು ಮಾತ್ರ ಆ ಅರಸರಿಗಿಂತ ಹಳೆಯವು, ಬೇರೆ ಊರುಗಳಿಂದ ಸಾಗಿಸಿ ತಂದವು. ನಗರದ ಚರಿತ್ರೆಯಲ್ಲಿನ ಗೊಂದಲಗಳಿಗೆ ಇದೇ ಮೂಲ.

1860ರ ದಶಕದ ಉತ್ಖನನದಲ್ಲಿ ಆಗಸ್ಟ್ ಮೇರಿಯೆಟ್‌ಗೆ, ಮಾನವ ಮುಖವನ್ನು ಸಿಂಹದ ಕೇಸರ ಸುತ್ತುವರಿದ ಸ್ಫಿಂಕ್ಸ್‌ಗಳು ಸಿಕ್ಕವು. ಅವುಗಳ ಮೇಲೆ ಹಿಕ್ಸೋಸ್ ದೊರೆ ಅಪೋಫಿಸನ ಹೆಸರಿತ್ತು. ಗಡುಸಾದ ಮುಖ, ಎದ್ದ ಕೆನ್ನೆಮೂಳೆಗಳನ್ನು ಕಂಡ ಮೇರಿಯೆಟ್ ಇದು ಪರದೇಶಿ ಹಿಕ್ಸೋಸರದೇ ಚಹರೆ ಎಂದ. 1893ರಲ್ಲಿ ರಷ್ಯದ ವ್ಲಾದಿಮಿರ್ ಗೊಲೆನಿಶ್ಚೆಫ್ ಮುಖಲಕ್ಷಣಗಳನ್ನು ಹೋಲಿಸಿ ನೋಡಿ, ಇವು 12ನೆಯ ರಾಜವಂಶದ ಮೂರನೆಯ ಅಮೆನೆಮ್‌ಹತ್‌ನವು ಎಂದು ತೋರಿಸಿದ. ಅಪೋಫಿಸ್, ಎರಡನೆಯ ರಾಮ್ಸೆಸ್, ಮೆರೆನ್‌ಪ್ತಾ, ಒಂದನೆಯ ಸುಸೆನ್ನೆಸ್ ಇವರೆಲ್ಲ ಸರದಿಯಂತೆ ಅವನ ಶಿಲ್ಪದ ಮೇಲೆ ತಮ್ಮ ಹೆಸರು ಕೊರೆಸಿಕೊಂಡಿದ್ದರು. ಜನಾಂಗದ ಕಥೆಯನ್ನು ಮುಖದಲ್ಲಿ ಓದಲು ಹೊರಟವರಿಗೆ ಇದೊಂದು ಎಚ್ಚರಿಕೆ ಆಗಬೇಕಿತ್ತು, ಅಷ್ಟಾಗಿ ಆಗಲಿಲ್ಲ.

ಬ್ರಿಟಿಷ್ ಪುರಾತತ್ತ್ವಜ್ಞ ಪೆಟ್ರಿ 1884ರಲ್ಲಿ ಇಲ್ಲಿ ಅಗೆದ. 1929ರಿಂದ ಪಿಯೆರ್ ಮಾಂಟೆ ಕೆಲಸ ಮುಂದುವರಿಸಿದ. ಎಲ್ಲೆಡೆ ರಾಮ್ಸೆಸನ ಹೆಸರೇ ಕಂಡದ್ದರಿಂದ ಅವನ ರಾಜಧಾನಿ ಪಿ-ರಾಮ್ಸೆಸ್ ಇದೇ ಎಂದು ಮಾಂಟೆ ವಾದಿಸಿದ. ಈಜಿಪ್ಟಿನವರೇ ಆದ ಮಹಮೂದ್ ಹಮ್ಜಾ 1928ರಲ್ಲಿಯೇ ದಕ್ಷಿಣದ ಕಂತೀರ್‌ನಲ್ಲಿ ಅರಮನೆಯ ಮೆರುಗುಬಿಲ್ಲೆಗಳನ್ನು ಪತ್ತೆಹಚ್ಚಿ, ಆ ರಾಜಧಾನಿ ಅಲ್ಲಿತ್ತೆಂದು ಸೂಚಿಸಿದ್ದರು. ಲಬೀಬ್ ಹಬಾಚಿ ಅದನ್ನು ಬೆಂಬಲಿಸಿದರು. ಹಳೆಯ ಕೈಪಿಡಿಗಳು ಈ ಇಬ್ಬರನ್ನೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 1966ರಿಂದ ಮಾನ್‌ಫ್ರೆಡ್ ಬೀಟಾಕ್ ಆ ಪ್ರದೇಶದಲ್ಲಿ ನಡೆಸಿದ ಶೋಧ ಚರ್ಚೆಯನ್ನು ಕಂತೀರ್‌ನ ಪರವಾಗಿ ಇತ್ಯರ್ಥಗೊಳಿಸಿತು. ನೈಲ್‌ನ ಪೆಲೂಸಿಯಾಕ್ ಕವಲಿನಲ್ಲಿ ಹೂಳು ತುಂಬಿದಾಗ ರಾಜಧಾನಿ ಸ್ಥಳಾಂತರವಾಯಿತು. ಅದರ ಶಿಲ್ಪ, ಶಿಲಾಸ್ತಂಭ, ಕಟ್ಟಡದ ಕಲ್ಲುಗಳೂ ಟ್ಯಾನಿಸ್‌ಗೆ ಬಂದವು.

1939–40ರಲ್ಲಿ ಮಾಂಟೆಗೆ ಸಿಕ್ಕ ರಾಜಸಮಾಧಿಗಳು ಯುದ್ಧದ ಸುದ್ದಿಯಲ್ಲಿ ಮುಳುಗಿದವು. ಸುಸೆನ್ನೆಸನ ಬೆಳ್ಳಿಯ ಶವಪೆಟ್ಟಿಗೆ, ಚಿನ್ನದ ಮುಖವಾಡ ಪ್ರಸಿದ್ಧ. ಅವುಗಳನ್ನು ಒಳಗೊಂಡಿದ್ದ ಕೆಂಪು ಗ್ರಾನೈಟಿನ ಹೊರಪೆಟ್ಟಿಗೆ ಮೊದಲು ಮೆರೆನ್‌ಪ್ತಾನದು.

2025ರಲ್ಲಿ ಎರಡನೆಯ ಓಸೊರ್ಕಾನನ ಸಮಾಧಿಯಲ್ಲಿ, ಹೆಸರಿಲ್ಲದ ಶಿಲಾಪೆಟ್ಟಿಗೆಯ ಬಳಿ, ಫ್ರೆಂಚ್ ತಂಡಕ್ಕೆ 225 ಉಶಬ್ತಿಗಳು (ಸಮಾಧಿಯಲ್ಲಿಡುವ ಬೊಂಬೆಗಳು) ದೊರೆತವು. ಅವುಗಳ ಮೇಲಿರುವುದು ಮೂರನೆಯ ಶೋಶೆಂಕ್‌ನ ಹೆಸರು. ಆತ ತನಗೆಂದು ಕಟ್ಟಿಸಿದ ಸಮಾಧಿ ಅದೇ ಆವರಣದಲ್ಲಿ ಬೇರೆಯಾಗಿಯೇ ಇದೆ.